ಏಣಿ ಸ್ಕೀಮಿನಲ್ಲಿ ಬರುವುದಿಲ್ಲ

"ಲೇ ಮುಂಡೆ, ಹಿತ್ತಲ ಕಡೆಯಿಂದ ಹತ್ತು ಅಂತ ಎಷ್ಟು ಸಲ ಹೇಳ್ಬೇಕು ನಿಂಗೆ? ಮೆಟ್ಲು ಕಡೆ ಯಾಕ್ ನೋಡ್ತೀಯ? ನಿಮ್ಮಪ್ಪ ಕಟ್ಟಿಸಿದ್ದೇನೇ ಅದು?"

ಹಿಂದೂಪುರದ ಹುಣಸೆಹಣ್ಣಿನ ಮಂಡಿ ಸಾಹುಕಾರ ವೆಂಕಟರಾಯಪ್ಪ ಇಷ್ಟು ಬೈದು ಎಲೆಅಡಿಕೆ ಬಾಯಿಗೆ ಹಾಕಿಕೊಂಡ. ಉಡುಸಲಮ್ಮ ಬಕೆಟ್ಟು ಹಿಡಿದು ಹಿತ್ತಲಲ್ಲಿ ನಿಂತಿದ್ದಳು. ಅವನ ಮಂಡಿಯಲ್ಲಿ ಹುಣಸೆಹಣ್ಣು ಕುಟ್ಟಿ ಬೀಜ ಬಿಡಿಸುವುದು ಅವಳ ಕೂಲಿ. ಅವನ ಮನೆಯ ಮಾಳಿಗೆ ಹತ್ತಿ, ನೀರು ಕಾಯಿಸುವ ಸೋಲಾರಿನ ಗಾಜು ತೊಳೆಯುವುದು ಬಿಟ್ಟಿ. ಸೂರ್ಯದೇವರ ಸೇವೆಗೆ ಕೂಲಿ ಕೇಳಬಾರದೆಂದು ಸಾಹುಕಾರನೇ ಅಪ್ಪಣೆ ಕೊಡಿಸಿದ್ದ.

"ಏಣಿ ಲಡ್ಡು ಹಿಡ್ದು ಮುರಿಯೋ ಹಂಗೈತೆ ಸಾಮಿ. ನನ್ ಗಂಡ ಬಿದ್ದಿದ್ದು ಇದ್ರಿಂದ್ಲೇ."

"ಅವ್ನು ಕುಡ್ದು ಬಿದ್ದ."

"ಕುಡಿಯೋ ಅಷ್ಟು ಕೂಲಿ ಯಾವತ್ ಕೊಟ್ಟಿದ್ರಿ ಸಾಮಿ?"

"ಬಾಯಿ ಜಾಸ್ತಿಯಾಯ್ತು ನಿಂದು. ಸೋಲಾರ್ ಆಫೀಸಿನೋರು ಸೇಫ್ಟಿ ಚೆಕಿಂಗ್‌ಗೆ ಬಂದವ್ರೆ. ಹತ್ತು, ಹತ್ತು."

ಅವಳ ಗಂಡ ದಾಸಣ್ಣ ಹೋದ ಮಳೆಗಾಲದವರೆಗೆ ಈ ಗಾಜು ತೊಳೆಯುತ್ತಿದ್ದ. ಈಗ ಸೊಂಟ ಮುರಿದು ಗುಡಿಸಲಿನಲ್ಲಿ ಮಲಗಿದ್ದಾನೆ. ಮಾಳಿಗೆಗೆ ಕಲ್ಲಿನ ಮೆಟ್ಟಿಲಿವೆ. ಆದರೆ ಅವು ಮನೆಯೊಳಗೆ, ದೇವರ ಕೋಣೆಯ ಪಕ್ಕದಿಂದ ಹತ್ತುತ್ತವೆ. ಕೇರಿಯವರ ಕಾಲು ಅಲ್ಲಿಗೆ ಬೀಳುವಂತಿಲ್ಲ. ಕೇರಿಯವರ ಕೈಗೆ ಮಾತ್ರ ಆ ಕಟ್ಟಳೆಯಿಲ್ಲ. ಅದು ಗಾಜು ಉಜ್ಜಬಹುದು, ಟ್ಯಾಂಕಿನ ಮುಚ್ಚಳ ತೆಗೆದು ಒಳಗಿನ ಸುಣ್ಣ ಕೆರೆಯಬಹುದು. ಆ ಟ್ಯಾಂಕಿನ ಬಿಸಿನೀರಿನಲ್ಲೇ ಸಾಹುಕಾರನ ಹೆಂಡತಿ ಭ್ರಮರಾಂಬ ಮಿಂದು ಮಡಿಯುಟ್ಟು ಪೂಜೆಗೆ ಕೂರುವುದು. ಮೈಲಿಗೆ ಪೈಪಿನೊಳಗೆ ಎಲ್ಲೋ ಸೋಸಿಹೋಗುತ್ತದೆಂದು ಕಾಣುತ್ತದೆ.

ಉಡುಸಲಮ್ಮ ಹತ್ತಿದಳು. ಮಾಳಿಗೆ ಇನ್ನೇನು ಕೈಗೆ ಸಿಕ್ಕಿತು ಎನ್ನುವಾಗ ಕಾಲಡಿಯ ಅಡ್ಡಕೋಲು ಲಟಕ್ಕೆಂದು ಮುರಿಯಿತು. ಎರಡೂ ಕೈಯಲ್ಲಿ ಗೋಡೆಯಂಚು ತಬ್ಬಿ ನೇತಾಡಿದಳು. ಬಕೆಟ್ಟು ಕೆಳಗೆ ಹೋಯಿತು.

"ಒಡೀತಾ ನೋಡ್ರೋ," ಎಂದ ಸಾಹುಕಾರ, ಬಕೆಟ್ಟಿನ ಕಡೆ ಓಡುತ್ತ.

ಅವಳು ಮೊಣಕೈ ತರಚಿಕೊಂಡು ಮೇಲೆ ತೆವಳಿದಳು. ಸಾಹುಕಾರ ಬಕೆಟ್ಟು ನೋಡಿ, ಗಟ್ಟಿಯಾಗಿದೆಯೆಂದು ಸಮಾಧಾನಪಟ್ಟು, ಅದಕ್ಕೆ ಹಗ್ಗ ಕಟ್ಟಿಸಿ, ಎಳೆದುಕೊಳ್ಳಲು ಅವಳಿಗೆ ಹೇಳಿ, ಮೆಟ್ಟಿಲು ಹತ್ತಿ ಬಂದ. ಅಲ್ಲಿ ಆಗಲೇ ಆಫೀಸಿನ ಓಬುಳಪತಿ ಕಾಫಿ ಲೋಟ ಹಿಡಿದು ನಿಂತಿದ್ದ. ಅವನೂ ಮೆಟ್ಟಿಲ ಮೇಲೇ ಬಂದವನು.

ಓಬುಳಪತಿ ಶ್ರದ್ಧೆಯ ಮನುಷ್ಯ. ಸ್ಟ್ಯಾಂಡಿನ ಒಂದೊಂದು ನಟ್ಟಿಗೂ ಸ್ಪಾನರ್ ಹಾಕಿ ನೋಡಿದ. ಪೈಪಿನ ಸಂದುಗಳನ್ನು ಬೆರಳಿನಿಂದ ಸವರಿದ. ಗಾಳಿ ಜೋರಾದರೆ ಗಾಜು ಅದುರೀತೆಂದು ಅಂಚಿಗೆ ರಬ್ಬರು ಸಿಕ್ಕಿಸಿದ. ಗಡಸು ನೀರು ಗಾಜಿನ ಮೇಲೆ ಬಿಟ್ಟಿದ್ದ ಬಿಳಿ ಕಲೆಯನ್ನು ಉಡುಸಲಮ್ಮ ಹುಣಸೆಹಣ್ಣಿನಿಂದ ತಿಕ್ಕುತ್ತಿದ್ದಳು. ತರಚಿದ ಮೊಣಕೈಗೆ ಹುಳಿ ಇಳಿದು ಚುರುಗುಟ್ಟುತ್ತಿತ್ತು.

"ಅಂತಾ ಬಾಗುಂದಿ ರಾಯಪ್ಪಗಾರು. ಫುಲ್ ಸೇಫ್," ಎಂದ ಓಬುಳಪತಿ.

"ಸಾಮಿ, ಆ ಏಣೀನೂ ಒಂಚೂರು ನೋಡ್ಬುಡಿ," ಎಂದಳು ಉಡುಸಲಮ್ಮ.

"ಏಣಿ ನಮ್ ಸ್ಕೀಮ್‌ನಾಗೆ ಬರಲ್ಲಮ್ಮ. ನಮ್ದು ಟ್ಯಾಂಕು, ಗಾಜು, ಪೈಪು, ಸ್ಟ್ಯಾಂಡು."

"ಹತ್ತೋರು?"

"ಹತ್ತೋರೂ ಬರಲ್ಲ."

ಸಾಹುಕಾರ ನಕ್ಕ. ಇಬ್ಬರೂ ಮೆಟ್ಟಿಲಿಳಿದು ಹೋದರು. ಸ್ವಲ್ಪ ಹೊತ್ತಿಗೆ ಹಿತ್ತಲಿನಿಂದ ಸಾಹುಕಾರನ ದನಿ ಬಂತು.

"ಇಳೀಲೇ, ಮಂಡೀಗೆ ಲಾರಿ ಬಂದೈತೆ."

ಉಡುಸಲಮ್ಮ ಬಗ್ಗಿ ನೋಡಿದಳು. ಮುರಿದ ಕೋಲಿನ ಜಾಗದಲ್ಲಿ ಬಯಲು. ಅದರ ಕೆಳಗೆ ಇನ್ನೊಂದು ಕೋಲು ಗೆದ್ದಲು ಹಿಡಿದಿತ್ತು. ಅದರ ಕೆಳಗೆ ಬಟ್ಟೆ ಒಗೆಯುವ ಕಲ್ಲು. ದಾಸಣ್ಣನ ಸೊಂಟಕ್ಕೆ ಸಿಕ್ಕಿದ್ದು ಅದೇ ಕಲ್ಲು.

"ಅತ್ಲಾಗ್ ಸರೀರಿ ಸಾಮಿ," ಎಂದಳು. ಕಾಲೆತ್ತಿ ಏಣಿಯ ನೆತ್ತಿಗೆ ಒದ್ದಳು. ಅದು ನಿಧಾನಕ್ಕೆ ವಾಲಿ, ಕಲ್ಲಿನ ಮೇಲೆ ಬಿದ್ದು ಎರಡು ತುಂಡಾಯಿತು.

"ಏಮಯಿಂದೇ?"

"ಏಣಿ ಬಿದ್ಬುಡ್ತು ಸಾಮಿ."

"ಬಿತ್ತಾ, ಬೀಳಿಸ್ದಾ?"

"ಕುಡ್ದಿತ್ತೇನೋ."

ಬಕೆಟ್ಟು ಎತ್ತಿಕೊಂಡು ಅವಳು ಮೆಟ್ಟಿಲಿಗೆ ಕಾಲಿಟ್ಟಳು. ಕೆಳಗೆ ಭ್ರಮರಾಂಬ ಹೂವಿನ ತಟ್ಟೆ ಹಿಡಿದು ನಿಂತಿದ್ದಳು.

"ನಿಲ್ಲೇ, ಅಲ್ಲೇ ನಿಲ್ಲು. ಏವಂಡಿ, ಓಡಿ ಬನ್ನಿ, ಇವಳ್ನ ಹಿಡ್ಕೊಳ್ಳಿ."

ಸಾಹುಕಾರ ಓಡಿ ಬಂದು ಎರಡೂ ತೋಳು ಅಗಲಿಸಿ ಅಡ್ಡ ನಿಂತ. ಉಡುಸಲಮ್ಮ ಇಳಿಯುತ್ತಲೇ ಇದ್ದಳು. ಹಿಡಿಯಬೇಕೆಂದರೆ ಮುಟ್ಟಬೇಕು. ಹಿತ್ತಲಲ್ಲಾಗಿದ್ದರೆ ಕಲ್ಲೆಸೆಯಬಹುದಿತ್ತು, ಕೋಲು ಬೀಸಬಹುದಿತ್ತು. ಇಲ್ಲಿ ಒಂದು ಕಡೆ ದೇವರು, ಇನ್ನೊಂದು ಕಡೆ ಮಡಿಯುಟ್ಟ ಹೆಂಡತಿ. ಸಾಹುಕಾರನ ತೋಳುಗಳು ತಾವಾಗಿ ಮಡಚಿಕೊಂಡವು.

"ಸರೀರಿ ಅಮ್ಮನೋರೆ, ತಗಲೀತು," ಎಂದಳು ಉಡುಸಲಮ್ಮ ಬಹಳ ಮರ್ಯಾದೆಯಿಂದ.

ಭ್ರಮರಾಂಬ ಗೋಡೆಗೆ ಅಂಟಿದಳು. ಸಾಹುಕಾರ ಹಿಂದೆ ಹಿಂದೆ ಹೋಗಿ ಬಾಗಿಲ ಸಂದಿಗೆ ಸೇರಿದ. ನಡುಮನೆಯಲ್ಲಿ ಎರಡನೇ ಕಾಫಿ ಕುಡಿಯುತ್ತಿದ್ದ ಓಬುಳಪತಿ ಲೋಟದೊಳಗೆ ಏನನ್ನೋ ಹುಡುಕತೊಡಗಿದ. ಇದೂ ಸ್ಕೀಮಿನಲ್ಲಿ ಬರುತ್ತಿರಲಿಲ್ಲ. ಯುಗಾದಿಗೆ ಸುಣ್ಣ ಹೊಡೆದಿದ್ದ ಗೋಡೆಯ ಮೇಲೆ ಹುಣಸೆ ಮೆತ್ತಿದ ಕೈ ಎಳೆದುಕೊಂಡು, ಅವಸರವಿಲ್ಲದೆ, ಅವಳು ಮುಂಬಾಗಿಲಿನಿಂದ ಬೀದಿಗಿಳಿದಳು.

"ನಾಳೆಯಿಂದ ಮಂಡಿ ಕಡೆ ತಲೆ ಹಾಕಿದ್ರೆ ಕಾಲ್ ಮುರೀತೀನಿ," ಎಂದು ಸಾಹುಕಾರ ಕೂಗಿದ್ದು ಅವಳು ತಿರುವು ದಾಟಿದ ಮೇಲೆ.

ಅವತ್ತು ಮನೆಯನ್ನೆಲ್ಲ ತೊಳೆದು ಶುದ್ಧಿ ಮಾಡಿದರು. ತಣ್ಣೀರು ಸಾಲದೆಂದು ಭ್ರಮರಾಂಬ ಟ್ಯಾಂಕಿನ ಬಿಸಿನೀರನ್ನೇ ಬಿಡಿಸಿದಳು. ಗಾಜು ಚೆನ್ನಾಗಿ ತೊಳೆದದ್ದರಿಂದ ನೀರು ಸೊಗಸಾಗಿ ಕಾದಿತ್ತು.

ಗುಡಿಸಲಿನಲ್ಲಿ ದಾಸಣ್ಣ ಅವಳ ಮೊಣಕೈ ನೋಡಿದ.

"ಬಿದ್ಯೇನೇ?"

"ಇಲ್ಲ ಮಾವ. ಮಂಡಿ ಕೆಲ್ಸ ಹೋಯ್ತು. ಮನೆಯೊಳಗಿಂದ ಇಳ್ಕಂಡ್ ಬಂದ್ಬುಟ್ಟೆ."

ಅವನು ಕೇಳಿದ:

"ಮೆಟ್ಲು ಹೆಂಗವೆ?"

"ಕಲ್ಲಿನವು. ಒಂದೂ ಅಲ್ಲಾಡ್ಲಿಲ್ಲ ಕಣ್ ಮಾವ."

ದಾಸಣ್ಣ ಅವಳಿಗೆ ಮುಖ ಕಾಣದಂತೆ ಗೋಡೆಯ ಕಡೆಗೆ ಹೊರಳಲು ನೋಡಿದ. ಸೊಂಟ ಬಿಡಲಿಲ್ಲ.