ಕರ್ಫ್ಯೂ ಎಂಬ ನಾನು

ನಾನು ಒಂದು ಪದ. ನನ್ನನ್ನು ಕರ್ಫ್ಯೂ ಎನ್ನುತ್ತಾರೆ. ಹುಟ್ಟಿದ್ದು ನೂರಾರು ವರ್ಷಗಳ ಹಿಂದೆ, ಫ್ರೆಂಚರ ಬಾಯಲ್ಲಿ. ಆಗ ನನ್ನ ಅರ್ಥ ‘ಬೆಂಕಿ ಮುಚ್ಚು’ ಎಂದಷ್ಟೇ. ಮರದ ಮನೆಗಳ ಕಾಲ. ಸಂಜೆಯ ಗಂಟೆ ಕೇಳಿದರೆ ಜನ ಒಲೆಯ ಕೆಂಡಕ್ಕೆ ಬೂದಿ ಮುಚ್ಚಿ ನೆಮ್ಮದಿಯಾಗಿ ಮಲಗುತ್ತಿದ್ದರು.

ಮುಂದೆ ಸಮುದ್ರ ದಾಟಿ ಇಂಗ್ಲೆಂಡಿಗೆ ಹೋದೆ. ಅಲ್ಲಿನ ನಾಲಿಗೆಗಳಲ್ಲಿ ನನ್ನ ರೂಪ ಬದಲಾಯಿತು. ಆಳುವವರ ಕೈಗೆ ಬಿದ್ದಮೇಲೆ ಅರ್ಥವೂ ಬದಲಾಯಿತು. ಬೆಂಕಿಯನ್ನು ಬಿಟ್ಟು ಮನುಷ್ಯರನ್ನೇ ಒಳಗಿಡುವ ಆಜ್ಞೆಯಾದೆ. ಅವರೊಂದಿಗೇ ಈ ದೇಶಕ್ಕೆ ಬಂದೆ. ಅವರು ಹೋದರು, ನಾನು ಉಳಿದೆ.

ಬಯಲುಸೀಮೆಯ ಒಂದು ಊರಿನಲ್ಲಿ ದೊಡ್ಡ ಗಲಾಟೆಯಾದ ಮರುದಿನ ನನ್ನನ್ನು ಪೊಲೀಸ್ ಜೀಪಿನ ಮೈಕಿನಲ್ಲಿ ಕೂಗಿಸಿದರು. ಹೊರಗೆ ಬಂದವರಿಗೆ ಗುಂಡು ಎಂದು ನನ್ನ ಬೆನ್ನಿಗೇ ಸೇರಿಸುತ್ತಿದ್ದರು. ನಾನು ಹೊಕ್ಕ ಓಣಿಗಳಲ್ಲೆಲ್ಲ ಬಾಗಿಲುಗಳು ಮುಚ್ಚಿಕೊಂಡವು. ನನ್ನ ದನಿಗೆ ನಾನೇ ಹೆದರಿದೆ.

ಒಬ್ಬನಿಗೆ ಮಾತ್ರ ನಾನು ತಲುಪಲಿಲ್ಲ. ಹಗ್ಗ ಹೊಸೆಯುವ ದುರ್ಗಪ್ಪ ಹುಟ್ಟುಕಿವುಡ. ಹೆಂಡತಿ ಶಾರವ್ವ ಹಿತ್ತಲಲ್ಲಿದ್ದಾಗ, ತಪ್ಪಿಸಿಕೊಂಡ ಮೇಕೆಯನ್ನು ಹುಡುಕುತ್ತ ಖಾಲಿ ರಸ್ತೆಗೆ ಬಂದುಬಿಟ್ಟ. ಪೊಲೀಸನೊಬ್ಬ ನಿಲ್ಲೆಂದು ಕೂಗಿದ. ದುರ್ಗಪ್ಪ ಬೆನ್ನು ಹಾಕಿ ನಡೆದೇ ಇದ್ದ. ಪೊಲೀಸನು ಬಂದೂಕು ಎತ್ತಿದ. ಹಿಂದಿನ ದಿನ ಕಲ್ಲೇಟು ತಿಂದ ಅವನ ಹಣೆಗೆ ಪಟ್ಟಿ ಕಟ್ಟಿತ್ತು.

ಕೂಗು ಕೇಳಿ ಶಾರವ್ವ ಓಡಿಬಂದಳು. ಬಂದೂಕಿಗೂ ಗಂಡನಿಗೂ ನಡುವೆ ನಿಂತಳು.

“ಅವಂಗ ಕಿವಿ ಕೇಳಂಗಿಲ್ರೀ ಸಾಹೇಬ್ರ. ನಾ ಹೇಳ್ತೀನಿ ಅವಂಗ. ಹೇಳಾಕ ಬಿಡ್ರಿ.”

ಬಂದೂಕು ಬಹಳ ಹೊತ್ತು ಇಳಿಯಲಿಲ್ಲ. ಕೊನೆಗೆ ಪೊಲೀಸನು ಅದನ್ನು ಇಳಿಸಿ, “ಲಗೂನ ಒಳಗ ಕರ್ಕೊಂಡು ಹೋಗವ್ವಾ,” ಎಂದ.

ಮನೆಯೊಳಗೆ ದುರ್ಗಪ್ಪ ಸಿಟ್ಟಿನಿಂದ ಕೈಸನ್ನೆ ಮಾಡಿದ. ಮೇಕೆ ಹೋಯಿತಲ್ಲ, ಯಾಕೆ ಎಳೆದು ತಂದೆ ಎಂದು ಕೇಳುತ್ತಿದ್ದ. ನಾನು ಶಾರವ್ವನ ಬಾಯಲ್ಲೇ ಸಿಕ್ಕಿಕೊಂಡಿದ್ದೆ. ನನಗೊಂದು ಸನ್ನೆ ಅವಳಿಗೆ ಹೊಳೆಯಲಿಲ್ಲ. ಅವನ ಅಂಗೈ ಹಿಡಿದು ತನ್ನ ಎದೆಗೆ ಒತ್ತಿಕೊಂಡಳು. ಆ ಬಡಿತ ತಿಳಿದದ್ದೇ ಅವನ ಮುಖ ಬಿಳಿಚಿಕೊಂಡಿತು. ಎದ್ದು ಬಾಗಿಲಿಗೆ ಅಗಳಿ ಹಾಕಿದ. ಮೇಕೆಯ ಸುದ್ದಿ ಮತ್ತೆ ಎತ್ತಲಿಲ್ಲ.

ಈಗ ನನಗೆ ವಯಸ್ಸಾಗಿದೆ. ಆ ಊರಿನ ವಾಚನಾಲಯದಲ್ಲಿ, ಹೊಲಿಗೆ ಬಿಚ್ಚಿದ ನಿಘಂಟೊಂದರಲ್ಲಿ ಮಲಗಿದ್ದೇನೆ. ಪುಟದ ಮೇಲೆ ಯಾರದಾದರೂ ಬೆರಳು ನನ್ನತ್ತ ಜಾರಿ ಬಂದರೆ ಇಂದಿಗೂ ಮೈ ಜುಮ್ಮೆನ್ನುತ್ತದೆ. ಹೆಚ್ಚಾಗಿ ಪರೀಕ್ಷೆಗೆ ಓದುವ ಮಕ್ಕಳು, ಪಾಪ. ಅರ್ಥ ಬರೆದುಕೊಂಡು ಹೋಗುತ್ತಾರೆ. ಅವರು ನನ್ನನ್ನು ಮನಸ್ಸಿನಲ್ಲೇ ಓದಿಕೊಳ್ಳಲಿ, ಗಟ್ಟಿಯಾಗಿ ಕೂಗುವ ಕಾಲ ಅವರಿಗೆ ಬಾರದಿರಲಿ ಎಂದಷ್ಟೇ ಬೇಡಿಕೊಳ್ಳುತ್ತೇನೆ.