ಎರಡನೆಯ ಕೋಸು

ಮೊದಲನೆಯ ಎಲೆಕೋಸಿನ ಹೂ ಅರಳಿ ಉದುರಲು ಶುರುವಾಗಿತ್ತು. ಎರಡನೆಯದು ಮಾತ್ರ ಗುಂಡುಕಲ್ಲಿನಂತೆ ಕೂತಿತ್ತು. ಅಮ್ಮ ಜೀವಮಾನವಿಡೀ ಆರಿಸಿ ಆರಿಸಿ ಬೆಳೆಸಿದ ತಳಿಯಲ್ಲಿ, ಅವಳು ಹೋದ ಮೇಲೆ ಉಳಿದಿದ್ದು ಇವೆರಡೇ ಗಿಡ. ಕೋಸಿಗೆ ತನ್ನ ಪರಾಗ ತನಗೇ ಆಗಿಬರುವುದಿಲ್ಲ, ಇನ್ನೊಂದು ಗಿಡದ್ದೇ ಬೇಕು. ಎರಡೂ ಒಟ್ಟಿಗೆ ಹೂಬಿಡದಿದ್ದರೆ ಬೀಜವಿಲ್ಲ, ಅಮ್ಮನ ತಳಿಯ ಕಥೆ ಅಲ್ಲಿಗೆ ಮುಗಿಯಿತು.

ಹಸಿರುಮನೆಯ ಜವಾಬ್ದಾರಿ ಈಗ ಅಕ್ಕನದು. ಎರಡನೆಯದು ಹಿಂದೆ ಬಿತ್ತೆಂದು ಅವಳೇ ಅದಕ್ಕೆ ಜಿಬ್ಬರೆಲಿನ್ ಸಿಂಪಡಿಸಿದ್ದಳು. ದಂಟನ್ನು ಉದ್ದಕ್ಕೆ ಎಳೆದು ಹೂವಿಗೆ ಎಬ್ಬಿಸುವ ಹಾರ್ಮೋನು ಅದು. ಆದರೆ ಕೋಸಿನ ನೆತ್ತಿಯ ಮೇಲೆ ಅಮ್ಮ ತಪ್ಪದೆ ಚಾಕುವಿನಿಂದ ಹಾಕುತ್ತಿದ್ದ ಅಡ್ಡ ಉದ್ದ ಗೀಟು ಹಾಕಲಿಲ್ಲ. ಆ ಸೀಳಿನಿಂದಲೇ ದಂಟು ಹೊರಬರಬೇಕು.

“ಉಳಿದಿರೋದೇ ಎರಡು, ಚಾಕು ಹಾಕಕ್ಕೆ ನಂಗೆ ಮನಸ್ಸು ಬರಲ್ಲ ಕಣೇ. ಮದ್ದು ಹೊಡೆದಿದೀವಲ್ಲ, ತಾನೇ ಸೀಳ್ಕೊಂಡು ಬರುತ್ತೆ,” ಎಂದಿದ್ದಳು.

ಎಲ್ಲಿ ಬಂತು? ಒಂದು ಬೆಳಿಗ್ಗೆ ಮುಟ್ಟಿ ನೋಡಿದರೆ ಒಂದು ಪಕ್ಕ ಉಬ್ಬಿತ್ತು, ಬುಡದಲ್ಲಿ ಕೊಳೆತ ವಾಸನೆ. ಮೊದಲೇ ನನಗೆ ಮೂಗಿನ ತುದಿಯಲ್ಲಿ ಕೋಪ. ಮೈಯೆಲ್ಲ ಉರಿದುಹೋಯಿತು.

“ಒಳಗೇ ಸುತ್ಕೊಂಡು ಸಾಯ್ತಾ ಇದೆ! ನೀನು ಕೊಯ್ತೀಯೋ, ನಾನು ಕೊಯ್ಲೋ?”

“ಇಷ್ಟು ಸಿಟ್ಟಲ್ಲಿ ಚಾಕು ಮುಟ್ಬೇಡ. ಸುಮ್ನಿರು ತಾಯಿ.”

ಅಕ್ಕ ಚಾಕು ತೆಗೆದುಕೊಂಡು ಒಂದು ಗೀಟು ಎಳೆದಳು. ಎಲೆಗಳು ಚರ್ರೆಂದು ಬಿರಿದವು. ಎರಡನೆಯ ಗೀಟಿಗೆ ಚಾಕು ಇಳಿದಾಗ ಒಳಗೆ ಏನೋ ಕಟಕ್ಕೆಂದಿತು. ದಂಟು ನೆತ್ತಿಗೇ ಒತ್ತಿಕೊಂಡು ಮಡಚಿ ಕೂತಿತ್ತು. ಅದರ ತುದಿ ಎಳೆ ಮೊಗ್ಗುಗಳ ಸಮೇತ ಅವಳ ಅಂಗೈಗೆ ಬಿತ್ತು.

“ಅಮ್ಮನ್ನ ಇವತ್ತು ನೀನು ಪೂರ್ತಿ ಕಳಿಸ್ಬಿಟ್ಟೆ,” ಎಂದೆ.

ಅಕ್ಕ ಚಾಕು ಒರೆಸಿಟ್ಟು ಹೊರಗೆ ನಡೆದಳು. ಮರುದಿನ ಬರಲಿಲ್ಲ, ಆಮೇಲೂ ಬರಲಿಲ್ಲ.

ನಾನೊಬ್ಬಳೇ ಕೊಳೆತ ಎಲೆ ಕಿತ್ತೆ, ನೀರು ಹಾಕಿದೆ, ನನ್ನ ಹಾಳು ನಾಲಿಗೆಗೆ ಶಾಪ ಹಾಕಿದೆ. ಅಷ್ಟರಲ್ಲಿ ಆ ಮೋಟು ದಂಟಿನ ಎಲೆಸಂದುಗಳಲ್ಲಿ ಹಸಿರು ಮೂತಿಗಳು ಇಣುಕಿದವು. ತುದಿಯಲ್ಲಿ ಹುಟ್ಟುವ ಆಕ್ಸಿನ್ ಎಂಬ ಹಾರ್ಮೋನು ಪಕ್ಕದ ಕುಡಿಗಳನ್ನು ತಲೆಯೆತ್ತಲು ಬಿಡುವುದಿಲ್ಲ. ತುದಿ ಹೋಗಿದ್ದೇ ತಡ, ಅವು ಎದ್ದಿದ್ದವು. ಆದರೆ ಇವು ಅರಳುವುದು ಮೊದಲೋ, ಅತ್ತ ಹೂ ಮುಗಿಯುವುದು ಮೊದಲೋ? ದಿನಾ ಬೆಳಗಾದರೆ ಅತ್ತ ಉಳಿದ ಹೂಗಳನ್ನು ಎಣಿಸುತ್ತಿದ್ದೆ. ಮೊದಲ ಗಿಡದಲ್ಲಿ ಕೊನೆಯ ಗೊಂಚಲು ಉಳಿದಿದ್ದಾಗ ಇತ್ತ ಒಂದು ಹಳದಿ ಹೂ ಬಿರಿಯಿತು.

ಪರಾಗ ಮುಟ್ಟಿಸುವ ಕುಂಚ ಹಿಡಿದು ಅಕ್ಕನ ಮನೆಗೆ ಓಡಿದೆ. ಅವಳು ಬಾಗಿಲು ತೆರೆದಳು.

“ನಾನಂದಿದ್ದು ತಪ್ಪು. ಬಾರೇ, ಪಕ್ಕದ ಕುಡೀಲಿ ಹೂ ಬಂದಿದೆ.”

“ಎಷ್ಟು?”

“ಒಂದೇ. ಒಂದು ಕಾಯಿ ಕಟ್ಟಿದ್ರೂ ಸಾಕಲ್ವಾ?”

ಅವಳು ಚಪ್ಪಲಿಯನ್ನೂ ಮೆಟ್ಟದೆ ಹೊರಟಳು. ಮೊದಲ ಗಿಡದ ಪರಾಗ ತೆಗೆದು ಈ ಹೂವಿನ ಹತ್ತಿರ ತಂದವಳು ಮುಟ್ಟಿಸಲು ಹೆದರಿ ಅಲ್ಲೇ ನಿಂತಳು. ನಾನು ಅವಳ ಮಣಿಕಟ್ಟು ಗಟ್ಟಿಯಾಗಿ ಹಿಡಿದುಕೊಂಡೆ.