ಬೋರ್ಡಿನಲ್ಲೇ ಉಳಿದ ಕೀಲಿ

ಬೆಳಗಿನ ಹತ್ತೂಕಾಲು, ಉಬ್ಬರವಿಳಿತದ ಹರಿವಿಗೆ ತಿರುಗುವ ಕಡಲಡಿಯ ಟರ್ಬೈನು ನಿಂತಿದೆ, ಎಂಜಿನಿಯರು ನೀರಿನೊಳಗಿದ್ದಾನೆ. ತನ್ನ ಹೊಸ ರೆಕ್ಕೆಗಳನ್ನು ತಾನೇ ನೋಡಬೇಕಂತೆ, ಅವನ ಉಸಿರು ಸ್ಪೀಕರಿನಲ್ಲಿ ಬುಸ್ ಬುಸ್ ಎನ್ನುತ್ತಿದೆ, ಕಂಟ್ರೋಲ್ ರೂಮಿನಲ್ಲಿ ಅವಳೊಬ್ಬಳೇ, ಎದುರಿಗೆ ಬ್ರೇಕಿನ ಕೀಲಿ — ಬೋರ್ಡಿನಲ್ಲೇ ಇದೆ, ದಾರ ಜೋತುಬಿದ್ದಿದೆ, ಆ ದಾರ ಅವನ ಕೊರಳಲ್ಲಿರಬೇಕಿತ್ತು, ಹಿಂದೆಲ್ಲ ಮುಳುಗುವವರು ಬ್ರೇಕ್ ಹಾಕಿ, ಕೀಲಿ ಕಿತ್ತು ಕೊರಳಿಗೆ ಹಾಕಿಕೊಂಡೇ ಇಳಿಯುತ್ತಿದ್ದರು, ಕೀಲಿಯಿಲ್ಲದೆ ಮೇಲಿದ್ದವರು ರೆಕ್ಕೆ ತಿರುಗಿಸುವಂತಿರಲಿಲ್ಲ, ಹೆಂಡ್ತಿಗಿಂತ ಇದನ್ನೇ ಹೆಚ್ಚು ನಂಬಿದೀನಿ ಕಣೇ ಎಂದು ಮುಳುಗುವವರಲ್ಲೊಬ್ಬನಾದ ಅವಳ ಅಣ್ಣ ನಗುತ್ತಿದ್ದ, ಅತ್ತಿಗೆ ಸೌಟು ತೋರಿಸುತ್ತಿದ್ದಳು. ಒಮ್ಮೆ ಯಾರದೋ ಕೊರಳಿಂದ ಕೀಲಿ ಜಾರಿ ಕಡಲು ಸೇರಿತು, ಇಡೀ ದಿನ ವಿದ್ಯುತ್ತಿಲ್ಲ, ಆಗ ಇದೇ ಎಂಜಿನಿಯರು, ಇನ್ಮೇಲೆ ಕೀಲಿ ಬೋರ್ಡಲ್ಲೇ ಇರ್ಲಿ, ಮೇಲೆ ನಾನಿರ್ತೀನಲ್ಲ, ನನ್ ಮೇಲೆ ನಂಬಿಕೆ ಇಲ್ವೇನ್ರೋ. ನಂಬಿದರು. ನಿಂತ ನೀರು ಮತ್ತೆ ಹರಿಯತೊಡಗಿದಾಗ ಅಣ್ಣ ಇನ್ನೂ ರೆಕ್ಕೆಯ ಬುಡದಲ್ಲಿ ಬೋಲ್ಟು ಬಿಗಿಯುತ್ತಿದ್ದ, ಇವನು ಗಡಿಯಾರ ನೋಡಿ ಕೀಲಿ ತಿರುಗಿಸಿದ. ವಿಚಾರಣೆಯಲ್ಲಿ ಇವನು ಹೇಳಿದ್ದೇನು — ಅವನೇ ಬ್ರೇಕ್ ಸರಿಯಾಗಿ ಹಾಕಿರಲಿಲ್ಲ, ನಾನಂತೂ ಮುಟ್ಟೇ ಇಲ್ಲ. ದನಿ ಒಂದಿಷ್ಟೂ ನಡುಗಲಿಲ್ಲ. ಅಣ್ಣನಿಗೆ ಬಲಗೈ ಇಲ್ಲ, ಕೆಲಸವೂ ಇಲ್ಲ, ಷರಟಿನ ಖಾಲಿ ತೋಳನ್ನು ಮಡಚಿ ಅತ್ತಿಗೆ ಪಿನ್ನು ಚುಚ್ಚುತ್ತಾಳೆ, ಉಗುರು ಕತ್ತರಿಸೋ ಕೆಲಸ ಅರ್ಧ ಉಳೀತು ಕಣೇ, ಆ ಅರ್ಧಾನೂ ನೀನೇ ಮಾಡ್ಬೇಕು ಎಂದು ಅವನು ತಂಗಿಯತ್ತ ಎಡಗೈ ಚಾಚುತ್ತಾನೆ, ನಗಲಾರದೆ ಅವಳು ಕತ್ತರಿಸುತ್ತಾಳೆ, ಕಣ್ಣೆದುರಿಗೆ ಅದೇ ತೋಳು, ಅದೇ ಪಿನ್ನು.

ಸ್ಪೀಕರಿನಲ್ಲಿ ಎಂಜಿನಿಯರನ ದನಿ, ಏನಮ್ಮಾ, ಬ್ರೇಕ್ ಇದೆ ತಾನೆ? ನೀರು ಎಳೀತಿದೆ, ರೆಕ್ಕೆ ಅಲುಗಾಡ್ದಂಗಾಯ್ತು. ಕೇಳಿಸುತ್ತಿದೆ, ಅಲುಗಾಡಲಿ, ಬ್ರೇಕ್ ಹಾಕಿದ್ದರೂ ಹಿಡಿತ ಸಡಿಲವಿದ್ದಷ್ಟು ಅಲುಗಾಡಿಯೇ ಅಲುಗಾಡುತ್ತದೆ, ಅದು ಅವನಿಗೂ ಗೊತ್ತು, ಆದರೆ ಗೊತ್ತಿರುವುದು ಬೇರೆ, ಎರಡು ರೆಕ್ಕೆಗಳ ನಡುವೆ ನುಸುಳಿ ಹೊರಬರುವುದು ಬೇರೆ, ಅವನಿಗೆ ಅದಲ್ಲದೆ ದಾರಿಯಿಲ್ಲ. ಅಮ್ಮಾ? ಅವಳ ಬೆರಳು ಕೀಲಿಯ ಮೇಲಿದೆ, ಕಾಲು ಸುತ್ತು ಸಾಕು, ಬ್ರೇಕ್ ಬಿಡುತ್ತದೆ, ಬಲಗೈಯೇ ಸಿಗಬೇಕೆಂದಿಲ್ಲ, ಯಾವುದಾದರೂ ಆದೀತು — ತೋಳು, ಪಿನ್ನು — ಯಾರಾದ್ರೂ ಇದೀರೇನ್ರೀ ಅಲ್ಲಿ? ಕಾಯಲಿ. ಅಣ್ಣನೂ ಕೂಗಿರಬೇಕು. ಆಮೇಲೆ ಅವಳು ಕೀಲಿ ಕಿತ್ತಳು, ಬ್ರೇಕ್ ಭದ್ರ, ದಾರವನ್ನು ತನ್ನ ಕೊರಳಿಗೆ ಹಾಕಿಕೊಂಡಳು, ಮೈಕಿನ ಗುಂಡಿ ಒತ್ತಿದಳು, ದನಿ ಒಂದಿಷ್ಟೂ ನಡುಗಲಿಲ್ಲ, ಬ್ರೇಕ್ ಸರಿಯಾಗಿ ಹಾಕಿದ್ರಾ ಸರ್? ನಾನಂತೂ ಮುಟ್ಟೇ ಇಲ್ಲ.

ಬುಸ್ ಬುಸ್ ನಿಂತಿತು, ಮತ್ತೆ ಶುರುವಾಯಿತು, ನಾಯಿ ಏದುಸಿರು ಬಿಟ್ಟಂತೆ. ಅಮ್ಮಾ, ನಿನ್ನ ದಮ್ಮಯ್ಯ, ಅವತ್ತು ತಿರುಗ್ಸಿದ್ದು ನಾನೇ, ಅವನು ಮೇಲೆ ಬಂದ ಅಂದ್ಕೊಂಡೆ, ಸುಳ್ಳು ಹೇಳ್ಬಿಟ್ಟೆ, ತಿರುಗಿಸ್ಬೇಡ, ನಂಗೂ ಮಕ್ಕಳಿದಾರೆ. ಇದೇ ದನಿ ಕೇಳಿಸುವ ಇನ್ನೊಂದು ಸ್ಪೀಕರು ಅವನನ್ನು ಇಳಿಸಿದ ದೋಣಿಯ ಮೇಲೂ ಇದೆ, ಅಣ್ಣನ ಜೊತೆ ಮುಳುಗುತ್ತಿದ್ದ ಇಬ್ಬರು ಅಲ್ಲಿದ್ದಾರೆ, ಕೇಳಿದರು, ಕೇಳಲಿ. ಇನ್ನೂ ಸ್ವಲ್ಪ ಹೊತ್ತು ಅವನು ಅಲ್ಲೇ ಇರಲಿ ಅನ್ನಿಸಿತು, ಇರಿಸಿದಳು. ಬ್ರೇಕ್ ಇದೆ ಸರ್, ಬನ್ನಿ. ಈಗಲಾದರೂ ಎದೆ ಹಗುರಾಗಬೇಕಿತ್ತು, ಆಗಲಿಲ್ಲ, ಮಡಚಿದ ತೋಳು, ಪಿನ್ನು, ತೋಳು, ಪಿನ್ನು —

ಎಂಜಿನಿಯರು ದೋಣಿಯ ಏಣಿ ಹಿಡಿದು ತಲೆ ಎತ್ತಿದ. ಮೇಲೆ ನಿಂತಿದ್ದ ಇಬ್ಬರಲ್ಲಿ ಯಾರೂ ಕೈ ಕೊಡಲಿಲ್ಲ.